ಸಹಾಯ ಬೇಕು: ಬಿಸಿ ನೀರಿನಲ್ಲಿ ಪಾದರಸ ಎಷ್ಟು ಕರಗುತ್ತದೆ?

ಕೆಮಿಸ್ಟ್ರಿ ಗೊತ್ತಿರುವವರು ದಯವಿಟ್ಟು ಸ್ವಲ್ಪ ಹೇಳಿ. ಪಾದರಸ ನೀರಿನಲ್ಲಿ ಕರಗುವುದೇ ಇಲ್ಲ ಅಂತ ಪಾಠದಲ್ಲಿ ಹೇಳಿಬಿಡುತ್ತಾರೆ, ಆದರೆ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರಿಗೆ ಸುಮಾರು 60 ಮೈಕ್ರೋಗ್ರಾಂ ಕರಗುತ್ತದೆ. ತುಂಬಾ ಕಡಿಮೆ ಅನಿಸುತ್ತೆ ಅಲ್ವಾ? ನಮ್ಮ ದೇಶದಲ್ಲಿ ಕುಡಿಯುವ ನೀರಿಗೆ ಇಟ್ಟಿರುವ ಮಿತಿ ಲೀಟರಿಗೆ ಬರೀ 1 ಮೈಕ್ರೋಗ್ರಾಂ!

ನೀರು ಬಿಸಿಯಾದಷ್ಟೂ ಜಾಸ್ತಿ ಕರಗುತ್ತದೆ. ನನಗೆ ಬೇಕಿರುವುದು 5ರಿಂದ 90 ಡಿಗ್ರಿವರೆಗಿನ ಅಳತೆಗಳು, ಅದೂ ಗಾಳಿ ತೆಗೆದ ಶುದ್ಧ ನೀರಿನಲ್ಲಿ ಮಾಡಿದ್ದು, ಯಾಕಂದ್ರೆ ಆಕ್ಸಿಜನ್ ಇದ್ದರೆ ಪಾದರಸ ಅದರ ಜೊತೆ ಸೇರಿ ಅಯಾನುಗಳಾಗಿ ನೀರಿಗಿಳಿದು ಲೆಕ್ಕವೆಲ್ಲ ಏರುಪೇರಾಗುತ್ತದೆ.

ಇನ್ನೊಂದು ತೊಂದರೆ ಸ್ಯಾಂಪಲ್ ತೆಗೆಯುವುದು. ಬಿಸಿ ನೀರನ್ನು ಪಿಪೆಟ್‌ಗೆ ಎಳೆದು ಬಾಟಲಿಗೆ ಬಿಡುವಷ್ಟರಲ್ಲೇ ಸ್ವಲ್ಪ ಪಾದರಸ ಆವಿಯಾಗಿ ಹೋಗುತ್ತದೆ, ಸ್ವಲ್ಪ ಒಳಗೋಡೆಗೆ ಅಂಟಿಕೊಳ್ಳುತ್ತದೆ. ಇದನ್ನು ಲ್ಯಾಬ್‌ನಲ್ಲಿ ಮಾಡಿದವರು ಯಾರಾದರೂ ಇದ್ದೀರಾ? ಹೇಗೆ ತಡೆದಿರಿ?