ಅಪ್‌ಡೇಟ್: ಆ ಒಮೆಗಾ ಕಾನ್‌ಸ್ಟೆಲೇಷನ್ ಕೈಬಿಟ್ಟೆ

1960ರ ದಶಕದ ಒಮೆಗಾ ಕಾನ್‌ಸ್ಟೆಲೇಷನ್ ವಾಚು ಸಿಕ್ಕಿದೆ, ಡಯಲ್ ಹೊಸದರ ಹಾಗೆ ಫಳಫಳ ಅಂತಿದೆ, ತಗೊಳ್ಳಲಾ ಅಂತ ಹೋದ ತಿಂಗಳು ಕೇಳಿದ್ದೆ. "ಮೊದಲು ಹಿಂದಿನ ಮುಚ್ಚಳ ತೆಗೆಸಿ ನೋಡಿ" ಅಂದಿದ್ದಿರಿ. ತೆಗೆಸಿದೆ.

ಪರಿಚಯದ ರಿಪೇರಿಯವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬಿಚ್ಚಿದರು. ಒಳಗೆ ತಾಮ್ರದ ಬಣ್ಣದ 561 ಕ್ಯಾಲಿಬರ್ (ಒಮೆಗಾದವರ ಮಿಷಿನ್ ನಂಬರ್), 24 ಜ್ಯುವೆಲ್ (ಸವೆತ ತಡೆಯೋ ಪುಟ್ಟ ಹರಳುಗಳು), ಯಾರೂ ಕೆದಕಿಲ್ಲ. ಮುಚ್ಚಳದ ಮೇಲಿನ ವೀಕ್ಷಣಾಲಯದ ಚಿತ್ರ, ಎಂಟು ನಕ್ಷತ್ರ, ಒಂದೂ ಸವೆದಿರಲಿಲ್ಲ. ಖುಷಿಗೆ ಅಲ್ಲೇ ಇಬ್ಬರಿಗೂ ಕಾಫಿ ತರಿಸಿದೆ. ಆಮೇಲೆ ಅವರು ವಾಚು ತಿರುಗಿಸಿ ಡಯಲ್ ನೋಡಿದರು. ಮಾತಾಡಲಿಲ್ಲ, ಭೂತಗನ್ನಡಿಯನ್ನೇ ನನ್ನ ಕೈಗಿಟ್ಟರು. 'ಆಟೊಮ್ಯಾಟಿಕ್' ಅನ್ನೋ ಅಕ್ಷರಗಳ ಅಂಚಿನಲ್ಲಿ ಬಣ್ಣ ಹರಡಿದೆ. ನಿಮಿಷದ ಗೆರೆಗಳು ಗಂಟೆಯ ಗುರುತಿಗೆ ಸರಿಯಾಗಿ ಕೂತಿಲ್ಲ. ಕೆಳಗೆ 'ಸ್ವಿಸ್ ಮೇಡ್' ಇರಬೇಕಾದ ಜಾಗ ಖಾಲಿ! "ಮಿಷಿನ್ ಬಂಗಾರ ಸಾರ್, ಮುಖಕ್ಕೆ ಮಾತ್ರ ಸುಣ್ಣಬಣ್ಣ ಆಗಿದೆ" ಅಂದರು. ಅಂದರೆ ಹಳೇ ಡಯಲ್‌ಗೆ ಯಾರೋ ಹೊಸದಾಗಿ ಬಣ್ಣ ಹೊಡೆದು ಅಕ್ಷರ ಅಚ್ಚು ಹಾಕಿದ್ದಾರೆ.

ಮಾರುವವರು ಒಂದು ರೂಪಾಯಿನೂ ಇಳಿಸಲಿಲ್ಲ. ಇಳಿಸಿದ್ದರೆ ತಗೊಂಡುಬಿಡ್ತಿದ್ದೆನೋ ಏನೋ, ಆ ಮಿಷಿನ್ ಅಷ್ಟು ಚೆಂದ ಇತ್ತು.

ಕೊನೆಗೆ ತಗೊಂಡಿದ್ದು ಅದೇ ಕಾಲದ ಒಂದು ಸೀಮಾಸ್ಟರ್, ಒಮೆಗಾದ್ದೇ ಇನ್ನೊಂದು ಮಾಡೆಲ್. ಡಯಲ್ ಹಾಲು ಹೆಚ್ಚಾದ ಕಾಫಿ ಬಣ್ಣಕ್ಕೆ ತಿರುಗಿದೆ, 4ರ ಹತ್ತಿರ ಸಣ್ಣ ಕಲೆ, ಆದರೆ ಅಚ್ಚಾದ ಅಕ್ಷರಗಳು ಕೂದಲೆಳೆಯಷ್ಟು ತೆಳು, ಚೂಪು. ಕೀಲಿ ಕೊಡೋ ತಿರುಪು ಮೂಲದ್ದಲ್ಲ, ಆಮೇಲೆ ಹಾಕಿಸಿದ್ದು, ಗೊತ್ತಿದ್ದೇ ತಗೊಂಡೆ. ದಿನಕ್ಕೆ ಹದಿನೈದು ಸೆಕೆಂಡ್ ಹಿಂದೆ ಬೀಳುತ್ತೆ, ಮುಂದಿನ ವಾರ ಸರ್ವಿಸ್‌ಗೆ ಕೊಡಬೇಕು. ಅಪ್ಪ ತಮ್ಮ ಎಚ್‌ಎಂಟಿ ಜನತಾ ಪಕ್ಕದಲ್ಲಿಟ್ಟುಕೊಂಡು ದಿನಾ ಬೆಳಿಗ್ಗೆ ಲೆಕ್ಕ ಹಾಕ್ತಿದ್ದಾರೆ.