ಡೆಸ್ಕ್‌ಟಾಪ್ ತೀರಾ ನಿಧಾನ: ಫಾರ್ಮ್ಯಾಟ್ ಮಾಡಿಸಲೋ, ಬಿಡಿಭಾಗ ಬದಲಿಸಲೋ?

ಅಘನಾಶಿನಿ ದಂಡೆ (ಕುಮಟಾ)

ಮನೆಯ ಡೆಸ್ಕ್‌ಟಾಪ್ ಆನ್ ಮಾಡಿದರೆ ಕೆಲಸಕ್ಕೆ ಸಿಗಲು ಆರು ನಿಮಿಷ ಬೇಕು, ಬ್ರೌಸರ್ ತೆರೆಯಲು ಮತ್ತೆ ಎರಡು ನಿಮಿಷ. ಐ3 4160 ಪ್ರೊಸೆಸರ್, ಎಚ್81 ಮದರ್‌ಬೋರ್ಡ್, 4 ಜಿಬಿ ರ‍್ಯಾಮ್ (ಒಂದೇ ಕಡ್ಡಿ), 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಸಿ ಡ್ರೈವಿನಲ್ಲಿ 40 ಜಿಬಿ ಖಾಲಿ ಇದೆ. ಟ್ಯಾಲಿ (ಲೆಕ್ಕಪತ್ರ), ನುಡಿ (ಕನ್ನಡ ಟೈಪಿಂಗ್), ಮಕ್ಕಳ ಪಾಠ, ಹಳೇ ಫೋಟೊಗಳು, ಇಷ್ಟೇ ಬಳಕೆ. ಮೌಸ್ ಸಲೀಸಾಗಿ ಓಡುತ್ತದೆ, ಆದರೆ ಕ್ಲಿಕ್ ಮಾಡಿದ್ದು ಅರ್ಧ ನಿಮಿಷ ತಡೆದು ತೆರೆಯುತ್ತದೆ. ಅಷ್ಟು ಹೊತ್ತೂ ಕ್ಯಾಬಿನೆಟ್ಟಿನ ಕೆಂಪು ದೀಪ ಆರುವುದೇ ಇಲ್ಲ. ಮಳೆಗಾಲ ಕಳೆದ ಮೇಲೆ ಜಾಸ್ತಿಯಾಗಿದೆ. ಮನೆ ಸಮುದ್ರದಿಂದ ಅರ್ಧ ಕಿಲೋಮೀಟರ್. ಅಂಗಡಿಯವರು ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೆ ಅನ್ನುತ್ತಾರೆ. ಸರಿಹೋದೀತೇ?

ಕಾಳಿ ಸಂಗಮ (ಕಾರವಾರ)

ಫಾರ್ಮ್ಯಾಟಿಗೆ ಈಗಲೇ ಕೊಡಬೇಡಿ. ಪ್ರೊಸೆಸರ್ ಸುಸ್ತಾಗಿದ್ದರೆ ಮೌಸ್ ಕೂಡ ತಡವರಿಸುತ್ತಿತ್ತು. ಮೌಸ್ ಓಡಿ, ಕೆಂಪು ದೀಪ (ಡಿಸ್ಕ್ ಕೆಲಸದಲ್ಲಿದೆ ಎನ್ನುವ ಗುರುತು) ಉರಿದೇ ಇದೆ ಅಂದರೆ ಪ್ರೋಗ್ರಾಮುಗಳೆಲ್ಲ ಡಿಸ್ಕಿಗಾಗಿ ಕಾಯುತ್ತಿವೆ ಎಂದೇ ಲೆಕ್ಕ.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಪುಟದಲ್ಲಿ ಡಿಸ್ಕ್ ಆರಿಸಿ ಎರಡು ಅಂಕಿ ಓದಿ: ಆಕ್ಟಿವ್ ಟೈಮ್ (ಡಿಸ್ಕ್ ಎಷ್ಟು ಹೊತ್ತು ಕೆಲಸದಲ್ಲಿದೆ) ಮತ್ತು ಆವರೇಜ್ ರೆಸ್ಪಾನ್ಸ್ ಟೈಮ್ (ಕೇಳಿದ್ದನ್ನು ಕೊಡಲು ಎಷ್ಟು ಹೊತ್ತು ಹಿಡಿಯುತ್ತದೆ). ಮೊದಲನೆಯದು 100 ಶೇಕಡಾ ತೋರಿಸಿದ ಮಾತ್ರಕ್ಕೆ ಡಿಸ್ಕ್ ಕೆಟ್ಟಿದೆ ಎಂದಲ್ಲ. ನಿಮಿಷಕ್ಕೆ 7200 ಸುತ್ತಿನ ಡಿಸ್ಕ್ ಒಂದು ಸುತ್ತು ತಿರುಗಲು 8.3 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಸರಾಸರಿ ಅರ್ಧ ಸುತ್ತು ಕಾಯಬೇಕು, ಓದುವ ಮುಳ್ಳು ಜಾಗಕ್ಕೆ ಸರಿಯಲು ಇನ್ನೊಂದು 8–9 ಮಿಲಿಸೆಕೆಂಡ್. ಹಾಗಾಗಿ ಚದುರಿ ಬಿದ್ದ ಸಣ್ಣ ತುಣುಕುಗಳನ್ನು ಸೆಕೆಂಡಿಗೆ ಸುಮಾರು 80ರಷ್ಟೇ ಓದಬಲ್ಲದು. ತಲಾ 4 ಕೆಬಿ ಹಿಡಿದರೆ ಸೆಕೆಂಡಿಗೆ 320 ಕೆಬಿ ಆಯಿತು. ವಿಂಡೋಸ್ ಏಳುವಾಗ ಓದುವುದು ಇಂಥ ಸಾವಿರಾರು ತುಣುಕುಗಳನ್ನೇ. ಎಸ್‌ಎಸ್‌ಡಿಯಲ್ಲಿ (ಚಿಪ್ಪುಗಳಲ್ಲಿ ಮಾಹಿತಿ ಇಡುವ ಡಿಸ್ಕ್) ತಿರುಗುವ ತಟ್ಟೆಯೇ ಇಲ್ಲವಾದ್ದರಿಂದ ಸೆಕೆಂಡಿಗೆ ಹತ್ತಾರು ಸಾವಿರ ಓದುತ್ತದೆ.

ನೋಡಬೇಕಾದ್ದು ರೆಸ್ಪಾನ್ಸ್ ಟೈಮ್. 20–30 ಮಿಲಿಸೆಕೆಂಡ್ ಇದ್ದರೆ ಡಿಸ್ಕ್ ಸರಿಯಿದೆ. ಕೆಲಸದ ಒತ್ತಡದಲ್ಲಿ 200–300ಕ್ಕೆ ಏರಿ ಇಳಿದರೂ ಗಾಬರಿ ಬೇಡ. ಸುಮ್ಮನಿದ್ದಾಗಲೂ ಸಾವಿರಗಳಲ್ಲಿ ಓಡುತ್ತಿದ್ದರೆ ಡಿಸ್ಕಿಗೋ ಕೇಬಲ್ಲಿಗೋ ತೊಂದರೆ ಇದೆ. ಅದನ್ನು ಬೇರ್ಪಡಿಸಲು ಕ್ರಿಸ್ಟಲ್ ಡಿಸ್ಕ್ ಇನ್ಫೊ ಹಾಕಿ (ಉಚಿತವಾಗಿ ಸಿಗುತ್ತದೆ), 05, ಸಿ5, ಸಿ6, ಸಿ7 ಸಾಲುಗಳ (ಡಿಸ್ಕ್ ತನ್ನ ತೊಂದರೆಗಳನ್ನು ತಾನೇ ಎಣಿಸಿಡುವ ಲೆಕ್ಕ) ಕೊನೆಯ ಅಂಕಿ ಇಲ್ಲಿ ಬರೆಯಿರಿ. ಮೆಮೊರಿ ಪುಟದಲ್ಲಿ ಕಮಿಟೆಡ್ (ಪ್ರೋಗ್ರಾಮುಗಳು ಒಟ್ಟು ಕೇಳಿಕೊಂಡಿರುವ ಮೆಮೊರಿ) ಎದುರಿನ ಅಂಕಿಯೂ ಬೇಕು.

ಯಲ್ಲಾಪುರ ಘಟ್ಟ

ಅದರ ಜೊತೆಗೆ ಸ್ಟಾರ್ಟಪ್ ಪುಟವನ್ನೂ ನೋಡಿಬಿಡಿ. ಆಂಟಿವೈರಸ್ ಬಿಟ್ಟು ಉಳಿದವನ್ನು ಡಿಸೇಬಲ್ ಮಾಡಬಹುದು. ಎರಡು ಆಂಟಿವೈರಸ್ ಇದ್ದರೆ ಒಂದನ್ನು ತೆಗೆಯಲೇಬೇಕು, ಪ್ರತಿ ಫೈಲನ್ನೂ ಎರಡೆರಡು ಸಲ ಜಾಲಾಡುತ್ತವೆ. ಶಟ್‌ಡೌನ್ ಮಾಡಿ ಆನ್ ಮಾಡುವ ಬದಲು ಒಮ್ಮೆ ರೀಸ್ಟಾರ್ಟ್ ಕೊಟ್ಟು ನೋಡಿ. ಫಾಸ್ಟ್ ಸ್ಟಾರ್ಟಪ್ ಇರುವ ವಿಂಡೋಸ್ 10 ಶಟ್‌ಡೌನಿನಲ್ಲಿ ಪೂರ್ತಿ ಮುಚ್ಚುವುದಿಲ್ಲ, ಒಳಗಿನ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು ಮಲಗುತ್ತದೆ. ರೀಸ್ಟಾರ್ಟ್ ಮಾತ್ರ ಹೊಸದಾಗಿ ಏಳಿಸುತ್ತದೆ. ಆಮೇಲೆ ಚೆಕ್‌ಡಿಸ್ಕ್ (ಡಿಸ್ಕಿನ ದೋಷ ಹುಡುಕುವುದು), ಡಿಫ್ರ್ಯಾಗ್ (ಚದುರಿದ ತುಣುಕುಗಳನ್ನು ಒಟ್ಟು ಜೋಡಿಸುವುದು) ಎರಡೂ ಓಡಿಸಿ.

ಕಾಳಿ ಸಂಗಮ (ಕಾರವಾರ)

ಕೊನೆಯ ಸಾಲು ಬಿಟ್ಟು ಉಳಿದದ್ದು ಸರಿ. ಡಿಸ್ಕಿನ ಆರೋಗ್ಯ ನೋಡದೆ ಚೆಕ್‌ಡಿಸ್ಕ್ ಆಗಲಿ ಡಿಫ್ರ್ಯಾಗ್ ಆಗಲಿ ಬೇಡ. ಕೆಡುತ್ತಿರುವ ಡಿಸ್ಕನ್ನು ಈ ಮೂಲೆಯಿಂದ ಆ ಮೂಲೆಗೆ ಗಂಟೆಗಟ್ಟಲೆ ಉಜ್ಜಿದ ಹಾಗಾಗುತ್ತದೆ. ಫೋಟೊಗಳನ್ನು ಹೊರತೆಗೆಯಲು ಉಳಿದಿರುವ ಆಯುಷ್ಯ ಅದರಲ್ಲೇ ಮುಗಿದೀತು.

ಅಘನಾಶಿನಿ ದಂಡೆ (ಕುಮಟಾ)

ರೀಸ್ಟಾರ್ಟ್ ಕೊಟ್ಟರೂ ಅಷ್ಟೇ. ಆಕ್ಟಿವ್ ಟೈಮ್ 100, ರೆಸ್ಪಾನ್ಸ್ ಟೈಮ್ 1800ರಿಂದ 4000ದ ನಡುವೆ. ಕಮಿಟೆಡ್ 6.1/8.9 ಜಿಬಿ. 05 ಮತ್ತು ಸಿ6 ಎದುರು ಬರೀ ಸೊನ್ನೆ. ಸಿ5 ಎದುರು 18, ಸಿ7 ಎದುರು 1ಎ4 ಎಂದಿದೆ. ಅಂಕಿಯ ನಡುವೆ ಅಕ್ಷರ ಯಾಕೆ? ಮೇಲೆ ಹಳದಿ ಬಣ್ಣದಲ್ಲಿ ಕಾಶನ್ ಅಂತ ಬರುತ್ತಿದೆ.

ಕಾಳಿ ಸಂಗಮ (ಕಾರವಾರ)

ಅದು ಹದಿನಾರರ ಲೆಕ್ಕ. ನಮ್ಮ ಹತ್ತರ ಲೆಕ್ಕದಲ್ಲಿ 18 ಅಂದರೆ 24, 1ಎ4 ಅಂದರೆ 420. ಫಂಕ್ಷನ್ ಮೆನುವಿನ ಅಡ್ವಾನ್ಸ್ಡ್ ಫೀಚರ್ ಒಳಗೆ ರಾ ವ್ಯಾಲ್ಯೂಸ್ ಎಂದಿದೆ, ಅಲ್ಲಿ 10 ಆರಿಸಿಕೊಂಡರೆ ನೇರವಾಗಿ ಓದಬಹುದು.

ಸಿ5 ಅಂದರೆ ಓದಲು ಆಗದೆ ತೀರ್ಮಾನಕ್ಕೆ ಬಾಕಿ ಇಟ್ಟ ಸೆಕ್ಟರುಗಳು (ಡಿಸ್ಕಿನ ಚಿಕ್ಕ ಚಿಕ್ಕ ಜಾಗಗಳು). 24 ಜಾಗಗಳಲ್ಲಿ ಡಿಸ್ಕ್ ಮತ್ತೆ ಮತ್ತೆ ಪ್ರಯತ್ನಿಸಿ ಸೋಲುತ್ತಿದೆ, ನಿಮ್ಮ ಅರ್ಧ ನಿಮಿಷ ಹೋಗುತ್ತಿರುವುದು ಅಲ್ಲಿ. ಸಿ7 ಬೇರೆಯೇ ಕಥೆ. ಡಿಸ್ಕಿನಿಂದ ಬೋರ್ಡಿಗೆ ಹೊರಟ ಮಾಹಿತಿ ದಾರಿಯಲ್ಲಿ ಕೆಟ್ಟು ಮತ್ತೆ ಕಳಿಸಬೇಕಾಗಿ ಬಂದ ಸಲಗಳ ಲೆಕ್ಕ ಅದು. ಡಿಸ್ಕ್ ಚೆನ್ನಾಗಿದ್ದರೂ ಇದು ಏರುತ್ತದೆ, ಕಾರಣ ಹೆಚ್ಚಾಗಿ ಡಿಸ್ಕನ್ನು ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್. ಕೇಬಲ್ ಕಿತ್ತು ತುದಿಯ ಏಳು ಗೆರೆಗಳನ್ನು ಟಾರ್ಚ್ ಬೆಳಕಿನಲ್ಲಿ ನೋಡಿ. ಚಿನ್ನದ ಹೊಳಪು ಹೋಗಿ ಕಂದು ಚುಕ್ಕೆಯೋ ಹಸಿರು ಕಿಲುಬೋ ಕಂಡರೆ ಉಪ್ಪುಗಾಳಿಯ ಕೆಲಸ. ಸಾಟಾ ಕೇಬಲ್ ಉಜ್ಜುತ್ತ ಕೂರಬೇಡಿ, ಹೊಸದು ಹಾಕಿ, ಬೋರ್ಡಿನಲ್ಲಿ ಬೇರೆ ಪೋರ್ಟಿಗೆ ಚುಚ್ಚಿ. ಈ 420 ಮತ್ತೆ ಸೊನ್ನೆಗೆ ಇಳಿಯುವುದಿಲ್ಲ, ಇದ್ದಲ್ಲೇ ನಿಂತರೆ ಸರಿಹೋಯಿತು ಎಂದರ್ಥ.

ಅದಕ್ಕೂ ಮೊದಲು ಡೇಟಾ, ಇವತ್ತೇ. ಬೇಕಾದ್ದನ್ನು ಹೊರಗಿನ ಡಿಸ್ಕಿಗೆ ಈ ಕ್ರಮದಲ್ಲಿ ಎತ್ತಿ: ಟ್ಯಾಲಿ ಮುಚ್ಚಿ ಅದರ ಡೇಟಾ ಫೋಲ್ಡರು (ಪ್ರತಿ ಕಂಪನಿಗೂ ಅಂಕಿಯ ಹೆಸರಿನ ಒಂದು ಫೋಲ್ಡರು ಇರುತ್ತದೆ), ಆಮೇಲೆ ನುಡಿಯ ಫೈಲುಗಳು, ಕೊನೆಗೆ ಫೋಟೊ. ಮಾಮೂಲಿ ಕಾಪಿ, ಪೇಸ್ಟ್ ಕೆಟ್ಟ ಫೈಲಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಕಮಾಂಡ್ ಪ್ರಾಂಪ್ಟಿನಿಂದ ವಿಂಡೋಸಿನಲ್ಲೇ ಇರುವ ರೋಬೊಕಾಪಿ ಬಳಸಿ, ಆದರೆ ಆರ್ (ಎಷ್ಟು ಸಲ ಮತ್ತೆ ಪ್ರಯತ್ನ) ಮತ್ತು ಡಬ್ಲ್ಯೂ (ನಡುವೆ ಎಷ್ಟು ಸೆಕೆಂಡ್ ಕಾಯುವುದು) ಆಯ್ಕೆಗಳಿಗೆ ತಲಾ 1 ಕೊಡುವುದನ್ನು ಮರೆಯಬೇಡಿ. ಕೊಡದಿದ್ದರೆ ಅದು ಒಂದೊಂದು ಕೆಟ್ಟ ಫೈಲಿಗೂ 30 ಸೆಕೆಂಡಿಗೊಮ್ಮೆ 10 ಲಕ್ಷ ಸಲ ಪ್ರಯತ್ನಿಸುತ್ತದೆ.

ಬನವಾಸಿ ದಾರಿ (ಶಿರಸಿ)

ಡೇಟಾ ಎತ್ತಿದ ಮೇಲೆ ಈ ಡಿಸ್ಕಿನಲ್ಲಿ ವಿಂಡೋಸ್ ಇಡಬೇಡಿ. 240 ಅಥವಾ 256 ಜಿಬಿಯ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ತನ್ನಿ. ಎಚ್81ರಲ್ಲಿ ಎನ್‌ವಿಎಂಇ ಕಡ್ಡಿಗೆ (ನೇರ ಬೋರ್ಡಿಗೇ ಚುಚ್ಚುವ ಬಗೆಯ ಎಸ್‌ಎಸ್‌ಡಿ) ಜಾಗವಿಲ್ಲ, ಅಂಗಡಿಯಲ್ಲಿ ಅದನ್ನು ಕೊಟ್ಟರೆ ವಾಪಸ್ ಮಾಡಿ. ಬೋರ್ಡಿನ ನಾಲ್ಕು ಸಾಟಾ ಪೋರ್ಟುಗಳಲ್ಲಿ ಎರಡು ಮಾತ್ರ 6 ಗಿಗಾಬಿಟ್ಟಿನವು. ಪಕ್ಕದಲ್ಲಿ ಸಾಟಾ 6ಜಿ ಎಂದು ಅಚ್ಚಾಗಿರುತ್ತದೆ, ಬಣ್ಣವೂ ಬೇರೆ ಇರಬಹುದು, ಎಸ್‌ಎಸ್‌ಡಿಯನ್ನು ಅಲ್ಲಿಗೇ ಹಾಕಿ. ಬಯಾಸಿನಲ್ಲಿ (ವಿಂಡೋಸ್ ಏಳುವ ಮೊದಲು ತೆರೆಯಬಹುದಾದ ಬೋರ್ಡಿನ ಸೆಟ್ಟಿಂಗ್) ಸಾಟಾ ಮೋಡ್ ಎಎಚ್‌ಸಿಐ ಇರಲಿ.

ಹಳೇ ಡಿಸ್ಕಿನಿಂದ ಕ್ಲೋನ್ (ಇಡೀ ಡಿಸ್ಕಿನ ಯಥಾವತ್ ನಕಲು) ಮಾಡುವುದು ಇಲ್ಲಿ ಬೇಡ. ಓದಲಾಗದ ಸೆಕ್ಟರಿನಲ್ಲಿ ಕ್ಲೋನ್ ಅರ್ಧಕ್ಕೆ ನಿಲ್ಲಬಹುದು, ಮುಗಿದರೂ ಕೆಟ್ಟ ಫೈಲು ಹೊಸ ಡಿಸ್ಕಿಗೆ ಬಂದಿರುತ್ತದೆ. 8 ಜಿಬಿ ಪೆನ್‌ಡ್ರೈವಿಗೆ ಮೈಕ್ರೋಸಾಫ್ಟಿನ ಮೀಡಿಯಾ ಕ್ರಿಯೇಷನ್ ಟೂಲಿನಿಂದ ವಿಂಡೋಸ್ ತುಂಬಿ ಹೊಸದಾಗಿ ಹಾಕಿ. ಹಾಕುವಾಗ ಹಳೇ ಡಿಸ್ಕಿನ ಕೇಬಲ್ ಕಿತ್ತಿಟ್ಟಿರಬೇಕು. ಎರಡೂ ಇದ್ದರೆ ಬೂಟ್ ಮಾಡುವ ಭಾಗ ಹಳೇ ಡಿಸ್ಕಿಗೇ ಹೋಗಿ ಕೂರುವುದುಂಟು, ಆ ಡಿಸ್ಕ್ ಸತ್ತ ದಿನ ಎಸ್‌ಎಸ್‌ಡಿಯೂ ಏಳುವುದಿಲ್ಲ. ಕೀ ಕೇಳಿದಾಗ ಇಲ್ಲ ಎಂದು ಮುಂದೆ ಹೋಗಿ. ಮೊದಲಿನ ವಿಂಡೋಸ್ ಅಸಲಿ ಆಗಿದ್ದು ಅದೇ ಆವೃತ್ತಿ ಹಾಕಿದರೆ, ಲೈಸೆನ್ಸ್ ಬೋರ್ಡಿಗೆ ಅಂಟಿಕೊಂಡಿರುವುದರಿಂದ ಇಂಟರ್ನೆಟ್ ಸಿಕ್ಕ ಮೇಲೆ ತಾನೇ ಆಕ್ಟಿವೇಟ್ ಆಗುತ್ತದೆ. ಟ್ಯಾಲಿ ಹಾಗಲ್ಲ. ಹಳೇ ಡಿಸ್ಕ್ ಇನ್ನೂ ಓಡುತ್ತಿರುವಾಗಲೇ ಟ್ಯಾಲಿ ತೆರೆದು ಲೈಸೆನ್ಸ್ ಸರೆಂಡರ್ (ಹಿಂದಿರುಗಿಸುವುದು) ಮಾಡಿಕೊಳ್ಳಿ. ನುಡಿಯ ಹಳೇ ಕಡತಗಳು ಯೂನಿಕೋಡ್ ಅಲ್ಲವಾದರೆ ಆ ಫಾಂಟು ಇಲ್ಲದೆ ಬರೀ ಕಲಸುಮೇಲೋಗರ ಕಾಣುತ್ತದೆ, ಆದ್ದರಿಂದ ವಿಂಡೋಸ್ ಒಳಗಿನ ಫಾಂಟ್ಸ್ ಫೋಲ್ಡರಿನಿಂದ ನುಡಿ ಫಾಂಟುಗಳನ್ನೂ ಎತ್ತಿಡಿ.

ರ‍್ಯಾಮ್ ವಿಷಯ. 4 ಜಿಬಿ ಇರುವಾಗ ಕಮಿಟೆಡ್ 6.1 ಅಂದರೆ ಹಿಡಿಸದ ಭಾಗವನ್ನು ಡಿಸ್ಕಿನ ಪೇಜ್ ಫೈಲಿಗೆ ತಳ್ಳಬೇಕಾಗುತ್ತದೆ, ಸೋತ ಡಿಸ್ಕಿನ ಮೇಲೆ ಇನ್ನಷ್ಟು ಹೊರೆ. ಇನ್ನೊಂದು 4 ಜಿಬಿ ಡಿಡಿಆರ್3 1600 ಕಡ್ಡಿ ಸಾಕು, ಎರಡು ಕಡ್ಡಿ ಸೇರಿದರೆ ಡ್ಯುಯಲ್ ಚಾನೆಲ್ (ಎರಡೂ ಕಡ್ಡಿಗಳನ್ನು ಒಟ್ಟಿಗೆ ಬಳಸುವುದು) ಲಾಭವೂ ಸಿಗುತ್ತದೆ. ಡಿಡಿಆರ್4 ಕಡ್ಡಿಯ ಕಚ್ಚು ಬೇರೆ ಕಡೆ ಇರುವುದರಿಂದ ಕೂರುವುದಿಲ್ಲ, ಒತ್ತಿ ಕೂರಿಸಲು ಹೋಗಬೇಡಿ. ದುಡ್ಡು ಒಂದಕ್ಕೇ ಇದ್ದರೆ ಈಗ ಎಸ್‌ಎಸ್‌ಡಿ, ರ‍್ಯಾಮ್ ಆಮೇಲೆ.

ಶರಾವತಿ ಅಳಿವೆ (ಹೊನ್ನಾವರ)

ಕ್ಯಾಬಿನೆಟ್ ಹೇಗೂ ತೆಗೆಯುತ್ತೀರಲ್ಲ, ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಉಳಿದ ಕರೆಂಟು ಇಳಿಸಿ ರ‍್ಯಾಮ್ ಕಡ್ಡಿಯನ್ನೂ ಹೊರತೆಗೆಯಿರಿ. ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲಿನ ಬಿಳಿ ರಬ್ಬರಿನಿಂದ ಹಗುರಾಗಿ ಒಂದೇ ದಿಕ್ಕಿಗೆ ಉಜ್ಜಿ. ಶಾಯಿ ಅಳಿಸುವ ಒರಟು ರಬ್ಬರ್ ಬೇಡ, ಲೇಪವೇ ಕಿತ್ತು ಬರುತ್ತದೆ. ರಬ್ಬರಿನ ಪುಡಿ ಸ್ಲಾಟಿಗೆ ಬೀಳದಂತೆ ಬ್ರಷ್ಷಿನಲ್ಲಿ ಕೊಡವಿ, ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಲ್ಲಿ ಒರೆಸಿ ಒಣಗಿಸಿ.

ಕಡಲ ಕಡೆಯ ಧೂಳು ಬ್ಲೋವರಿಗೆ ಸುಲಭವಾಗಿ ಹಾರುವುದಿಲ್ಲ ಮಾರಾಯ್ರೆ. ಉಪ್ಪು ತೇವ ಹಿಡಿದಿಟ್ಟು ಹೀಟ್‌ಸಿಂಕಿನ (ಪ್ರೊಸೆಸರಿನ ಬಿಸಿ ಇಳಿಸುವ ಲೋಹದ ಭಾಗ) ಸಂದಿಯಲ್ಲಿ ಕಂಬಳಿಯ ಹಾಗೆ ಅಂಟಿರುತ್ತದೆ. ಫ್ಯಾನ್ ಬಿಚ್ಚಿ ಒಣ ಬ್ರಷ್ಷಿನಿಂದ ಎಳೆದು ತೆಗೆಯಿರಿ. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಡೆದಿಡಿ. ಹೀಟ್‌ಸಿಂಕ್ ಎತ್ತಿದರೆ ಹಳೇ ಥರ್ಮಲ್ ಪೇಸ್ಟ್ ಪೂರ್ತಿ ಒರೆಸಿ, ನಡುವೆ ತೊಗರಿಕಾಳಿನಷ್ಟು ಹೊಸದು ಇಡಿ. ನಾಲ್ಕು ಪಿನ್ನುಗಳನ್ನು ಎದುರುಬದುರು ಮೂಲೆಯ ಜೋಡಿಯಾಗಿ ಒತ್ತಿ. ಒಂದು ಪಿನ್ ಅರ್ಧ ಕೂತರೂ ಪ್ರೊಸೆಸರ್ ಕಾದು ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ.

ಸಿಲಿಕಾ ಜೆಲ್ ಪೊಟ್ಟಣ ಇಡಲು ಹೇಳುವವರಿದ್ದಾರೆ. ಫ್ಯಾನ್ ಹೊರಗಿನ ಗಾಳಿ ಎಳೆಯುತ್ತಲೇ ಇರುವ ಡಬ್ಬಿಯಲ್ಲಿ ಅದು ಬೇಗನೆ ತೇವ ಕುಡಿದು ಮುಗಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನಕ್ಕೊಂದು ಗಂಟೆ ಆನ್ ಮಾಡಿಡುವುದು ಅದಕ್ಕಿಂತ ವಾಸಿ, ಒಳಗಿನ ಬಿಸಿಗೆ ತೇವ ನಿಲ್ಲುವುದಿಲ್ಲ. ಪ್ಲಾಸ್ಟಿಕ್ ಹೊದಿಕೆ ಹಾಕಿದರೆ ತೇವ ಒಳಗೇ ಉಳಿಯುತ್ತದೆ. ಕ್ಯಾಬಿನೆಟ್ ಪಡುವಣ ಕಿಟಕಿಯಿಂದ ದೂರ, ನೆಲದಿಂದ ಅರ್ಧ ಅಡಿ ಮೇಲಿರಲಿ. ಯುಪಿಎಸ್ ಬ್ಯಾಟರಿ ಮೂರು ವರ್ಷ ದಾಟಿದ್ದರೆ ಅದನ್ನೂ ಪರೀಕ್ಷಿಸಿ. ಬರೆಯುತ್ತಿರುವಾಗ ಕರೆಂಟು ಹೋದರೂ ಸಿ5 ಏರುವುದುಂಟು.

ಅಘನಾಶಿನಿ ದಂಡೆ (ಕುಮಟಾ)

ಟ್ಯಾಲಿ ಡೇಟಾ ಎತ್ತಿದೆ, ಫೋಟೊ ಹೋಗುತ್ತಿದೆ. ಸಾಟಾ ಕೇಬಲ್ಲಿನ ತುದಿಯಲ್ಲಿ ಹಸಿರು ಇದ್ದದ್ದು ನಿಜ. ಎರಡು ಪ್ರಶ್ನೆ ಉಳಿದವು: ಹೊಸದಾಗಿ ಹಾಕುವಾಗ ವಿಂಡೋಸ್ 11 ಹಾಕಬಹುದೇ? ಹಳೇ ಡಿಸ್ಕ್ ಫೋಟೊ ಇಡಲು ಆದೀತೇ?

ಬನವಾಸಿ ದಾರಿ (ಶಿರಸಿ)

11 ಅಧಿಕೃತವಾಗಿ ಆಗುವುದಿಲ್ಲ. ಇಂಟೆಲ್ 8ನೇ ತಲೆಮಾರಿನ ಪ್ರೊಸೆಸರ್ ಮತ್ತು ಟಿಪಿಎಂ 2.0 (ಭದ್ರತೆಯ ಚಿಪ್) ಕೇಳುತ್ತದೆ, ನಿಮ್ಮದು 4ನೇ ತಲೆಮಾರು. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಟ್ಯಾಲಿ ಇರುವುದರಿಂದ ಸದ್ಯ 10ರಲ್ಲೇ ಇದ್ದು, ಬ್ಯಾಂಕಿನ ಕೆಲಸ ಈ ಯಂತ್ರದಲ್ಲಿ ಮಾಡದಿರಿ. ಎಸ್‌ಎಸ್‌ಡಿ, ರ‍್ಯಾಮ್ ಬಿಟ್ಟು ಈ ಬೋರ್ಡಿಗೆ ಹೆಚ್ಚು ದುಡ್ಡು ಹಾಕಬೇಡಿ. ಮುಂದೆ ಹೊಸ ಯಂತ್ರ ಕೊಂಡರೆ ಆ ಎಸ್‌ಎಸ್‌ಡಿ ಅದಕ್ಕೂ ಆಗುತ್ತದೆ, ಡಿಡಿಆರ್3 ಆಗುವುದಿಲ್ಲ.

ಕಾಳಿ ಸಂಗಮ (ಕಾರವಾರ)

ಹಳೇ ಡಿಸ್ಕಿನಲ್ಲಿ ಫೋಟೊ ಬೇಡ. ನಕಲು ಮಾಡಿದ ಫೋಟೊಗಳಲ್ಲಿ ಪ್ರತಿ ಫೋಲ್ಡರಿನಿಂದ ನಾಲ್ಕೈದು ತೆರೆದು ನೋಡಿ, ರೋಬೊಕಾಪಿ ಕೊನೆಯಲ್ಲಿ ತೋರಿಸುವ ಫೇಲ್ಡ್ ಎಂಬ ಅಂಕಿ ಗುರುತು ಹಾಕಿಕೊಳ್ಳಿ. ಸೊನ್ನೆ ಇದ್ದರೆ ಎಲ್ಲ ಬಂದಿವೆ. ಇಲ್ಲದಿದ್ದರೆ ಹೊಸ ಕೇಬಲ್ ಹಾಕಿ ಅದೇ ಆಜ್ಞೆಯನ್ನು ಇನ್ನೊಮ್ಮೆ ಕೊಡಿ, ಬಂದವನ್ನು ಬಿಟ್ಟು ಉಳಿದವನ್ನಷ್ಟೇ ಅದು ಹುಡುಕುತ್ತದೆ.