ಪದ ಬೇಕು (ತುರ್ತು): ಊಟಕ್ಕೆ ಮುಂಚಿನ ಇನ್ಸುಲಿನ್

ನಮಸ್ಕಾರ. ಸಕ್ಕರೆ ಕಾಯಿಲೆಯವರ ಕೈಗೆ ಕೊಡುವ ಒಂದು ಹಾಳೆ ಕನ್ನಡಕ್ಕೆ ತರುತ್ತಿದ್ದೇನೆ, ನಾಳೆ ಮಧ್ಯಾಹ್ನ ಅಚ್ಚಿಗೆ ಹೋಗಬೇಕು. ಉಣ್ಣುವ ಮುಂಚೆ ಚುಚ್ಚಿಕೊಳ್ಳುವ, ಬೇಗ ಕೆಲಸ ಮಾಡುವ ಇನ್ಸುಲಿನ್‌ಗೆ "ಊಟದ ಇನ್ಸುಲಿನ್" ಎಂದಿದ್ದೇನೆ. ಕೆಳಗೆ "ಮಾಸಿಕ ಪೂರೈಕೆ" ಎಂಬ ತಲೆಬರಹ, ಅದರಡಿ ಉದಾಹರಣೆಯ ಲೆಕ್ಕ: ಬೆಳಿಗ್ಗೆ 8, ಮಧ್ಯಾಹ್ನ 10, ರಾತ್ರಿ 8 ಏಕಮಾನ. ದಿನಕ್ಕೆ 26, ತಿಂಗಳಿಗೆ 780. ಇನ್ಸುಲಿನ್ ತುಂಬಿ ಬರುವ, ಚುಚ್ಚಿಕೊಳ್ಳುವ ಒಂದು ಪೆನ್ನಿನಲ್ಲಿ 300, ಹಾಗಾಗಿ 3 ಪೆನ್. ಪದಗಳು ಸರಿಯೇ?

— ಕುಂದಾಪುರದಿಂದ:
"ಮಾಸಿಕ ಪೂರೈಕೆ" ಟೆಂಡರ್ ನೋಟೀಸಿನ ಕನ್ನಡ. "ತಿಂಗಳಿಗೆ ಎಷ್ಟು ಬೇಕು" ಅನ್ನಿ, ಮುಗಿಯಿತು. ಅಸಲು ತೊಡಕಿರುವುದು "ಇನ್ಸುಲಿನ್" ಎಂಬುದರಲ್ಲೇ. ಲ್ಯಾಟಿನ್ನಿನಲ್ಲಿ ಇನ್ಸುಲಾ ಎಂದರೆ ದ್ವೀಪ. 1869ರಲ್ಲಿ ಜರ್ಮನಿಯ ವಿಜ್ಞಾನಿ ಲ್ಯಾಂಗರ್‌ಹಾನ್ಸ್ ಮೇದೋಜೀರಕದಲ್ಲಿ ಕಂಡ ಜೀವಕೋಶದ ಗುಂಪುಗಳಿಗೆ ದ್ವೀಪಗಳೆಂಬ ಹೆಸರು ಬಿತ್ತು, ಅದರಿಂದ ಈ ಪದ. ಹೊಳೆಯ ನಡುವಿನ ನೆಲಕ್ಕೆ ನಮ್ಮಲ್ಲಿ ಕುದುರು ಎಂಬ ಪದವಿಲ್ಲವೇ? ಉಪ್ಪಿನಕುದ್ರು ಎಂಬ ಊರಿನ ಹೆಸರು ಕೇಳಿಲ್ಲವೇ? ಇನ್ಸುಲಿನ್ ಆ ದ್ವೀಪಗಳಿಂದ ಒಸರುವುದು, ಹಾಗಾಗಿ "ಕುದುರೊಸರು" ಎನ್ನಬಹುದು.

— ಧಾರವಾಡದಿಂದ:
ಕುದುರೊಸರು ಅಂತ ಮೆಡಿಕಲ್ ಶಾಪಿನ್ಯಾಗ ಕೇಳಿ ನೋಡ್ರಿ, ಮೊಸರಿನ ಅಂಗಡಿಗೆ ಕಳಸ್ತಾರ. ತಪ್ಪಿರೋದು "ಊಟ"ದಾಗ. ಮುಂಜಾನೆ ನಾವು ಮಾಡೋದು ನಾಷ್ಟಾ, ನೀವು ತಿನ್ನೋದು ತಿಂಡಿ. ಎರಡೂ ಊಟ ಅಲ್ಲ. ನಮ್ಮತ್ತಿಗೆ ಡಾಕ್ಟರು "ಊಟಕ್ಕ ಮುಂಚೆ ತಗೋರಿ" ಅಂದಿದ್ರು. ಹದಿನೈದು ದಿನ ಮುಂಜಾನಿ ಎರಡು ಇಡ್ಲಿ ತಿಂದು ಸುಮ್ಮನಿದ್ರು. ಕೇಳಿದ್ರ, "ಇಡ್ಲಿ ಊಟ ಏನವಾ?" ಅಂದ್ರು.

— ಮೈಸೂರಿನಿಂದ:
ಒಪ್ಪಿದೆ. "ತಿಂಡಿ-ಊಟಕ್ಕೆ ಮುಂಚಿನ ಇನ್ಸುಲಿನ್" ಎಂದು ಬಿಡಿಸಿಯೇ ಬರೆಯಿರಿ. ಒಂದೇ ಪದ ಬೇಕೆಂಬ ಹಟ ನಿಘಂಟಿನವರದು, ರೋಗಿಯದಲ್ಲ. "ಏಕಮಾನ"ವನ್ನು ದಯವಿಟ್ಟು ಕಿತ್ತುಹಾಕಿ. ವೈಲ್‌ನಲ್ಲಿ, ಅಂದರೆ ಸಿರಿಂಜಿಗೆ ಎಳೆದುಕೊಳ್ಳುವ ಸಣ್ಣ ಸೀಸೆಯಲ್ಲಿ, ಎಂಎಲ್‌ಗೆ 40 ಯೂನಿಟ್ಟಿನದೂ ಇದೆ, 100ರದೂ ಇದೆ. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ. ಅದಲುಬದಲಾದರೆ ಡೋಸೇ ಕೆಡುತ್ತದೆ. ಡಾಕ್ಟರು, ಅಂಗಡಿಯವನು, ಸಿರಿಂಜು ಎಲ್ಲವೂ ಯೂನಿಟ್ ಎನ್ನುವಾಗ ನಿಮ್ಮ ಹಾಳೆ ಮಾತ್ರ ಏಕಮಾನ ಎನ್ನಬಾರದು.

ಲೆಕ್ಕವೂ ತಪ್ಪು. ಪ್ರತಿ ಸಲ ಚುಚ್ಚುವ ಮುಂಚೆ 2 ಯೂನಿಟ್ ಹೊರಕ್ಕೆ ಬಿಟ್ಟು ಸೂಜಿತುದಿಯಲ್ಲಿ ಹನಿ ಕಂಡಿತೇ ಎಂದು ನೋಡಬೇಕು. ದಿನಕ್ಕೆ 6, ತಿಂಗಳಿಗೆ 180. 780ಕ್ಕೆ ಅದು ಸೇರಿ 960. ಮೂರು ಪೆನ್ನು 28ನೇ ದಿನಕ್ಕೇ ಖಾಲಿ, ನಾಲ್ಕು ಬೇಕು.

— ಕುಂದಾಪುರದಿಂದ:
ಹೀಗೆ ಯೂನಿಟ್, ಡೋಸ್, ಪೆನ್ ಎನ್ನುತ್ತಾ ಹೋದರೆ ಕೊನೆಗೆ ಕನ್ನಡದಲ್ಲಿ ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ.

— ಮೈಸೂರಿನಿಂದ:
"ವಿಭಕ್ತಿ", "ಪ್ರತ್ಯಯ" ಎರಡೂ ಸಂಸ್ಕೃತ. ಸೂಜಿಯೂ ಸೂಚಿಯಿಂದ ಬಂದದ್ದು. ಆ ಸಾಲಕ್ಕೆ ಬಡ್ಡಿ ಕೇಳದವರು ಇಂಗ್ಲಿಷಿನ ಸಾಲಕ್ಕೆ ಮಾತ್ರ ಯಾಕೆ ಜಪ್ತಿಗೆ ಹೊರಡುತ್ತೀರಿ?

— ಧಾರವಾಡದಿಂದ:
ಜಪ್ತಿ ಅರಬಿ ಐತ್ರಿ. ಇರಲಿ. ಆ ಹನಿ ಬಿಡೋದಕ್ಕ ಏನಂತೀರಿ?

— ಮೈಸೂರಿನಿಂದ:
"ಗಾಳಿ ತೆಗೆಯುವುದು". ಡೀಸೆಲ್ ಪಂಪಿಗೆ ಹೇಳುವ ಹಾಗೆಯೇ. ಹಳ್ಳಿಯ ಯಾರಿಗಾದರೂ ಗೊತ್ತಾಗುತ್ತದೆ.

— ಪ್ರಶ್ನೆ ಕೇಳಿದವರಿಂದ:
ಎಲ್ಲರಿಗೂ ಕೃತಜ್ಞತೆ. "ತಿಂಡಿ/ನಾಷ್ಟಾ ಮತ್ತು ಊಟಕ್ಕೆ ಮುಂಚಿನ ಇನ್ಸುಲಿನ್", "ಯೂನಿಟ್", "ಗಾಳಿ ತೆಗೆಯುವುದು", "ತಿಂಗಳಿಗೆ ಎಷ್ಟು ಬೇಕು: 4 ಪೆನ್". ಲೆಕ್ಕವನ್ನು ಡಾಕ್ಟರಿಗೆ ಮತ್ತೊಮ್ಮೆ ತೋರಿಸಿ ಅಚ್ಚಿಗೆ ಕಳಿಸುತ್ತೇನೆ.

— ಕುಂದಾಪುರದಿಂದ:
ಕುದುರಿನ ವಿಷಯಕ್ಕೆ ಯಾರೂ ಸರಿಯಾಗಿ ಉತ್ತರಿಸಲಿಲ್ಲ.